ತೆಗೆದ ಸಾಫ್ಟ್‌ವೇರ್ ಮತ್ತೆ ಮತ್ತೆ ಬರುತ್ತಿದೆಯಾ? ಬೇರು ಎಲ್ಲಿದೆ ನೋಡೋಣ ಬನ್ನಿ

ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟ್, ಅರ್ಜಿ ಟೈಪಿಂಗ್, ಲ್ಯಾಮಿನೇಷನ್ ಅಂತ ದಿನವಿಡೀ ಜನ. ಇರುವುದು ಒಂದೇ ಕಂಪ್ಯೂಟರ್, ಅದರಲ್ಲಿ ವಿಂಡೋಸ್ 11. ಹೋದ ತಿಂಗಳು ಅದರ ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಬರಲು ಶುರುವಾಯಿತು. ನಿಮ್ಮ ಕಂಪ್ಯೂಟರ್‌ನಲ್ಲಿ 1,284 ದೋಷಗಳಿವೆ, ಈಗಲೇ ಸರಿಮಾಡಿ ಅಂತ. ಕ್ರೋಮ್‌ನಲ್ಲಿ ಏನು ಹುಡುಕಿದರೂ ಗೂಗಲ್ ಬದಲು ಹೆಸರೇ ಕೇಳಿರದ ಇನ್ಯಾವುದೋ ಪುಟ ತೆರೆಯುತ್ತಿತ್ತು. ಚಿಕ್ಕಪ್ಪ ಆ ಕೆಂಪು ಪೆಟ್ಟಿಗೆಯ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿದರು, ಹೋಯಿತು. ಎರಡು ದಿನ ಬಿಟ್ಟು ಫೋನ್ ಬಂತು. "ಲೋ, ಅದು ಮತ್ತೆ ಬಂದಿದೆ ಕಣೋ. ಇದು ಮೂರನೇ ಸಲ ತೆಗೀತಾ ಇರೋದು."

ಭಾನುವಾರ ಅಂಗಡಿ ಮುಚ್ಚಿದ ಮೇಲೆ ಕೂತು ಬುಡದವರೆಗೂ ಹೋಗಿ ನೋಡಿದೆ. ಇದೇ ತೊಂದರೆ ತುಂಬಾ ಜನಕ್ಕೆ ಇರುತ್ತದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮತ್ತೆ ಬರುವ ಸಾಫ್ಟ್‌ವೇರನ್ನು ನೂರು ಸಲ ತೆಗೆದರೂ ಉಪಯೋಗವಿಲ್ಲ. ಅದನ್ನು ತಂದು ಹಾಕುತ್ತಿರುವುದು ಬೇರೆ ಯಾವುದೋ. ಆ ಬೇರೆಯದನ್ನು ಹಿಡಿಯಬೇಕು.

ಅನ್‌ಇನ್‌ಸ್ಟಾಲ್ ಒತ್ತಿದಾಗ ಆಗುವುದೇನು

ಅನ್‌ಇನ್‌ಸ್ಟಾಲ್ ಒತ್ತಿದರೆ ವಿಂಡೋಸೇ ಎಲ್ಲವನ್ನೂ ಗುಡಿಸಿ ಹಾಕುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಒಂದು ಸಾಫ್ಟ್‌ವೇರ್ ಒಳಗೆ ಬರುವಾಗಲೇ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಪುಸ್ತಕದಲ್ಲಿ, ಒಂದು ಸಾಲು ಬರೆದಿಟ್ಟಿರುತ್ತದೆ, "ನನ್ನನ್ನು ತೆಗೆಯಬೇಕಾದರೆ ಇಂಥ ಫೈಲನ್ನು ಓಡಿಸಿ" ಅಂತ. ನೀವು ಬಟನ್ ಒತ್ತಿದಾಗ ವಿಂಡೋಸ್ ಆ ಫೈಲನ್ನು ಓಡಿಸುತ್ತದೆ, ಅಷ್ಟೇ. ಏನನ್ನು ಅಳಿಸಬೇಕು, ಏನನ್ನು ಬಿಡಬೇಕು ಅನ್ನುವುದು ಆ ಸಾಫ್ಟ್‌ವೇರ್ ಮಾಡಿದವರ ಕೈಯಲ್ಲಿದೆ. ಒಳ್ಳೆಯ ಕಂಪನಿಯಾದರೆ ನಿಯತ್ತಾಗಿ ಜಾಗ ಖಾಲಿ ಮಾಡುತ್ತದೆ. ಜಾಹೀರಾತು ತೋರಿಸಿ ದುಡ್ಡು ಮಾಡುವವರು ಮುಂಬಾಗಿಲಿಂದ ಹೋದ ಹಾಗೆ ಮಾಡಿ ಹಿತ್ತಿಲ ಬಾಗಿಲು ತೆಗೆದಿಟ್ಟು ಹೋಗುತ್ತಾರೆ.

ಇದು ಗೊತ್ತಿದ್ದರೆ ಇನ್ನೊಂದು ತಪ್ಪೂ ತಪ್ಪುತ್ತದೆ. ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ ಫೋಲ್ಡರನ್ನೇ ನೇರವಾಗಿ ಡಿಲೀಟ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೆಗೆಯುವ ಫೈಲು ಸಾಮಾನ್ಯವಾಗಿ ಅದೇ ಫೋಲ್ಡರ್‌ನಲ್ಲಿರುತ್ತದೆ. ಅದು ಹೋಯಿತು ಅಂದರೆ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ತೆಗೆಯಲು ದಾರಿ ಇರುವುದಿಲ್ಲ. ಆಗಲೇ ಹಾಗೆ ಮಾಡಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್‌ಗೆ ಹೋಗಿ ಅಲ್ಲಿಂದ ಅನ್‌ಇನ್‌ಸ್ಟಾಲ್ ಕೊಡಿ. ಇದು ಮೊದಲೇ ಹೋಗಿರಬಹುದು, ಪಟ್ಟಿಯಿಂದ ಹೆಸರು ತೆಗೆಯಲೇ ಅಂತ ಕೇಳುತ್ತದೆ, ಯೆಸ್ ಅನ್ನಿ. ಅದು ನಂಬಿಕಸ್ಥ ಕಂಪನಿಯ ಸಾಫ್ಟ್‌ವೇರ್ ಆಗಿದ್ದರೆ ಅದೇ ಆವೃತ್ತಿಯನ್ನು ಇನ್ನೊಮ್ಮೆ ಹಾಕಿ, ಆಮೇಲೆ ಸರಿಯಾದ ದಾರಿಯಲ್ಲಿ ತೆಗೆಯುವುದು ಇನ್ನೂ ಒಳ್ಳೆಯದು.

ಮೊದಲು ತಾರೀಖು ನೋಡಿ

ಬೇಡದ್ದು ಒಂದೇ ಬಂದಿರುವುದು ಕಡಿಮೆ. ಜೊತೆಯಲ್ಲಿ ಎರಡು ಮೂರು ಬಂದಿರುತ್ತವೆ, ಒಂದೇ ದಿನ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ ಪಟ್ಟಿಯನ್ನು ಹಾಕಿದ ತಾರೀಖಿನ ಪ್ರಕಾರ ಜೋಡಿಸಿ. ವಿಂಡೋಸ್ 10ರಲ್ಲಿ ಇದು ಆ್ಯಪ್ಸ್ ಅಂಡ್ ಫೀಚರ್ಸ್ ಅಂತ ಇರುತ್ತದೆ. ತೊಂದರೆ ಶುರುವಾದ ದಿನದ ಆಸುಪಾಸು ಏನೇನು ಬಂದಿದೆ ನೋಡಿ. ಅಪ್‌ಡೇಟ್ ಆದಾಗಲೂ ತಾರೀಖು ಬದಲಾಗಬಹುದು, ಹಾಗಾಗಿ ಹೊಸ ತಾರೀಖು ಇದ್ದ ಮಾತ್ರಕ್ಕೆ ಅದು ಕಳ್ಳ ಅಂತ ತೀರ್ಮಾನ ಮಾಡಬೇಡಿ.

ಚಿಕ್ಕಪ್ಪನ ಕಂಪ್ಯೂಟರ್‌ನಲ್ಲಿ ಒಂದೇ ದಿನ ನಾಲ್ಕು ಹೆಸರು ಇದ್ದವು. ಕನ್ನಡ ಟೈಪ್ ಮಾಡುವ ನುಡಿ, ಆ ಕೆಂಪು ಪೆಟ್ಟಿಗೆಯ "ಡ್ರೈವರ್ ಅಪ್‌ಡೇಟರ್", ಒಂದು ಪಿಡಿಎಫ್ ಕನ್ವರ್ಟರ್, ಒಂದು ಹವಾಮಾನ ತೋರಿಸುವ ಬಾರ್. ಆಗ ಕಥೆ ಬಿಚ್ಚಿಕೊಂಡಿತು. ಅರ್ಜಿ ಟೈಪ್ ಮಾಡಲು ನುಡಿ ಬೇಕಾಗಿತ್ತು, ಹುಡುಕಿದಾಗ ಮೊದಲು ಸಿಕ್ಕಿದ್ದು ಎಲ್ಲಾ ಸಾಫ್ಟ್‌ವೇರ್‌ಗಳನ್ನೂ ಒಟ್ಟು ಹಾಕಿಕೊಂಡ ಯಾವುದೋ ಡೌನ್‌ಲೋಡ್ ಪುಟ, ಅಲ್ಲಿನ ದೊಡ್ಡ ಹಸಿರು ಬಟನ್ ಒತ್ತಿ, ಬಂದ ಫೈಲಿನಲ್ಲಿ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋಗಿದ್ದರು. ನುಡಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅದು ಕನ್ನಡ ಗಣಕ ಪರಿಷತ್ತಿನದು, ಪುಕ್ಕಟೆ ಸಿಗುವಂಥದ್ದು. ಆ ಪುಟದವರು ಅದಕ್ಕೆ ಹೊರಗಿನಿಂದ ತಮ್ಮದೊಂದು ಚೀಲ ಹೊದಿಸಿ ಒಳಗೆ ಬೇರೆ ಸಾಮಾನು ತುಂಬಿದ್ದರು. ಇಂಥ ಇನ್‌ಸ್ಟಾಲರ್‌ಗಳಲ್ಲಿ "ಎಕ್ಸ್‌ಪ್ರೆಸ್" ಅಥವಾ "ರೆಕಮಂಡೆಡ್" ಅಂತ ಒಂದು, "ಕಸ್ಟಮ್" ಅಥವಾ "ಅಡ್ವಾನ್ಸ್ಡ್" ಅಂತ ಇನ್ನೊಂದು ಇರುತ್ತದೆ. ಎರಡನೆಯದನ್ನೇ ಆರಿಸಿ. ಮೊದಲೇ ಟಿಕ್ ಮಾಡಿಟ್ಟಿರುವ ಪೆಟ್ಟಿಗೆಗಳು ಅಲ್ಲಿ ಕಾಣುತ್ತವೆ, ತೆಗೆಯಬಹುದು.

ಯಾವ ಕಂಪ್ಯೂಟರ್, ಫೋನ್‌ನಲ್ಲೂ ಓದಲು ಬರುವ ಯುನಿಕೋಡ್‌ನಲ್ಲಿ ಟೈಪ್ ಮಾಡುವುದಷ್ಟೇ ಸಾಕಾಗಿದ್ದರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ. 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ಈಚೆಗೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಫೊನೆಟಿಕ್ ಕೀಬೋರ್ಡ್ ಕೂಡ ವಿಂಡೋಸ್ ಒಳಗೇ ಇದೆ.

ಪಟ್ಟಿಯಲ್ಲಿ ಗುರುತು ಸಿಗದ ಹೆಸರೆಲ್ಲಾ ಬೇಡದ್ದಲ್ಲ. ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅಂತ ಆರೇಳು ಸಾಲು ಇರುತ್ತವೆ, ಡಾಟ್ ನೆಟ್ ಇರುತ್ತದೆ, ವೆಬ್‌ವ್ಯೂ2 ಇರುತ್ತದೆ, ರಿಯಲ್‌ಟೆಕ್, ಇಂಟೆಲ್ ಹೆಸರಿನವು ಇರುತ್ತವೆ. ಅವನ್ನು ಮುಟ್ಟಬೇಡಿ. ಬೇರೆ ಸಾಫ್ಟ್‌ವೇರ್‌ಗಳು ಅವುಗಳ ಮೇಲೆ ನಿಂತಿವೆ.

ತೆಗೆಯಲು ಹೋದರೆ ತೆಗೆಯಲೇ ಬಿಡುತ್ತಿಲ್ಲ

"ಪ್ರೋಗ್ರಾಂ ಓಡುತ್ತಿದೆ, ಮುಚ್ಚಿ" ಅಂತ ಬಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಅದರ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಎಂಡ್ ಟಾಸ್ಕ್ ಕೊಡಿ. ಕೊಟ್ಟ ತಕ್ಷಣ ಮತ್ತೆ ಹುಟ್ಟಿಕೊಂಡರೆ ಅದರ ಹಿಂದೆ ಒಂದು ಸರ್ವಿಸ್, ಅಂದರೆ ಕಣ್ಣಿಗೆ ಕಾಣದೆ ಓಡುವ ಪ್ರೋಗ್ರಾಂ, ಇರಬಹುದು ಅಂತ ಅರ್ಥ. ಸ್ಟಾರ್ಟ್‌ನಲ್ಲಿ ಸರ್ವಿಸಸ್ ಅಂತ ಹುಡುಕಿ, ಬರುವ ಪಟ್ಟಿಯಲ್ಲಿ ಆ ಸರ್ವಿಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮೊದಲು ಸ್ಟಾರ್ಟಪ್ ಟೈಪನ್ನು ಡಿಸೇಬಲ್ಡ್ ಮಾಡಿ, ಆಮೇಲೆ ಸ್ಟಾಪ್ ಒತ್ತಿ.

"ಇನ್ನೊಂದು ಇನ್‌ಸ್ಟಲೇಷನ್ ನಡೆಯುತ್ತಿದೆ" ಅಂತ 1618 ನಂಬರಿನ ಎರರ್ ಬಂದರೆ ಗಾಬರಿ ಬೇಡ. ವಿಂಡೋಸ್ ಅಪ್‌ಡೇಟೋ ಇನ್ಯಾವುದೋ ಹಿಂದೆ ಓಡುತ್ತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಆಗದಿದ್ದರೆ ರೀಸ್ಟಾರ್ಟ್ ಮಾಡಿ. 1612 ಬಂದರೆ ಬೇರೆ ಕಥೆ, ತೆಗೆಯಲು ಬೇಕಾದ ಮೂಲ ಫೈಲೇ ಸಿಗುತ್ತಿಲ್ಲ ಅಂತ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲರ್ ಅಂತ ಒಂದು ಮರೆಮಾಡಿದ ಫೋಲ್ಡರ್ ಇದೆ. ಜಾಗ ಉಳಿಸಲು ಅಂತ ಅದನ್ನು ಖಾಲಿ ಮಾಡಿದವರಿಗೆ ಈ ಎರರ್ ಬರುವುದು ಜಾಸ್ತಿ. ಆಗ ಮೈಕ್ರೋಸಾಫ್ಟ್‌ನವರೇ ಕೊಡುವ, ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ತೊಂದರೆಗಳಿಗೆಂದೇ ಇರುವ ಟ್ರಬಲ್‌ಶೂಟರ್ ಓಡಿಸಿ ನೋಡಿ.

ಇದ್ಯಾವುದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್, ಅಂದರೆ ತೀರಾ ಬೇಕಾದವನ್ನು ಮಾತ್ರ ಓಡಿಸಿ ವಿಂಡೋಸ್ ತೆರೆಯುವುದು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಹೋಗುವ ಮುಂಚೆ ಒಂದು ಕೆಲಸ ಮರೆಯಬೇಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಆನ್ ಆಗಿರುವುದುಂಟು, ಈ ದಾರಿಯಲ್ಲಿ ಹೋದಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಫೋನ್‌ನಲ್ಲಿ ತೆರೆದು ಬರೆದಿಟ್ಟುಕೊಳ್ಳಿ. ಇನ್ನೊಂದು ವಿಷಯ, ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸೇಫ್ ಮೋಡ್‌ನಲ್ಲಿ ತಾನಾಗಿ ಓಡುವುದಿಲ್ಲ, ಹಾಗಾಗಿ ಕೆಲವು ಸಾಫ್ಟ್‌ವೇರ್ ಅಲ್ಲಿಂದ ಅನ್‌ಇನ್‌ಸ್ಟಾಲ್ ಆಗುವುದಿಲ್ಲ. ಅಲ್ಲಿ ಮಾಡಬೇಕಾದ್ದು ಅದರ ಸರ್ವಿಸ್ ಮತ್ತು ಸ್ಟಾರ್ಟಪ್ ಸಾಲುಗಳನ್ನು ಆಫ್ ಮಾಡುವುದು. ಮಾಡಿ, ಮಾಮೂಲಿ ಮೋಡ್‌ಗೆ ವಾಪಸ್ ಬಂದು ತೆಗೆಯಿರಿ.

ತೆಗೆದೆ, ಮತ್ತೆ ಬಂತು

ನಿಜವಾದ ಕೆಲಸ ಇರುವುದು ಇಲ್ಲಿ. ಚಿಕ್ಕಪ್ಪನಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಅದು ಬರೋದು ಯಾವಾಗ, ಕಂಪ್ಯೂಟರ್ ಆನ್ ಮಾಡಿದ ತಕ್ಷಣವಾ, ಇಲ್ಲಾ ಮಧ್ಯದಲ್ಲಾ?" ಅವರು ಸ್ವಲ್ಪ ಯೋಚಿಸಿ, "ಬೆಳಗ್ಗೆ ಹನ್ನೊಂದೂವರೆ ಹತ್ತಿರ ನೋಡು, ಕಾಫಿ ತರಿಸೋ ಹೊತ್ತಿಗೆ" ಅಂದರು. ಈ ಒಂದು ಮಾತು ಅರ್ಧ ಕೆಲಸ ಮುಗಿಸಿತು. ಆನ್ ಮಾಡಿದ ತಕ್ಷಣ ಬಂದರೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಬೇಕು. ದಿನಾ ಒಂದೇ ಹೊತ್ತಿಗೆ ಬಂದರೆ, ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್. ಬ್ರೌಸರ್ ತೆರೆದಾಗ ಮಾತ್ರ ಬಂದರೆ ತೊಂದರೆ ಬ್ರೌಸರ್ ಒಳಗೇ ಇದೆ, ಕಂಪ್ಯೂಟರ್‌ನಲ್ಲಿ ಏನೂ ಇಲ್ಲದೆಯೂ ಇರಬಹುದು.

ಸ್ಟಾರ್ಟ್‌ನಲ್ಲಿ ಟಾಸ್ಕ್ ಶೆಡ್ಯೂಲರ್ ಅಂತ ಹುಡುಕಿ, ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಡಗಡೆ ಟಾಸ್ಕ್ ಶೆಡ್ಯೂಲರ್ ಲೈಬ್ರರಿ ಒತ್ತಿದರೆ ಮಧ್ಯದಲ್ಲಿ ಪಟ್ಟಿ ಬರುತ್ತದೆ. ಒಂದೊಂದೇ ಸಾಲು ಒತ್ತಿ ಕೆಳಗಿನ ಎರಡು ಟ್ಯಾಬ್ ನೋಡಿ. ಟ್ರಿಗರ್ಸ್‌ನಲ್ಲಿ ಯಾವಾಗ ಓಡುತ್ತದೆ ಅಂತ ಇರುತ್ತದೆ, ಆ್ಯಕ್ಷನ್ಸ್‌ನಲ್ಲಿ ಯಾವ ಫೈಲ್ ಓಡುತ್ತದೆ ಅಂತ. ಹೆಸರು ನೋಡಿ ಮೋಸ ಹೋಗಬೇಡಿ. ನಮಗೆ ಸಿಕ್ಕಿದ್ದಕ್ಕೆ "ಸಿಸ್ಟಮ್ ಅಪ್‌ಡೇಟ್ ಹೆಲ್ಪರ್" ಅಂತ ಸಭ್ಯ ಹೆಸರಿತ್ತು. ಟ್ರಿಗರ್ಸ್‌ನಲ್ಲಿ ಪ್ರತಿದಿನ 11:20. ಆ್ಯಕ್ಷನ್ಸ್‌ನಲ್ಲಿ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರ್ ಒಳಗಿನ ಅರ್ಥವಿಲ್ಲದ ಒಂಬತ್ತು ಅಕ್ಷರದ ಒಂದು ಫೋಲ್ಡರ್, ಅದರೊಳಗೆ ಒಂದು ಚಿಕ್ಕ ಫೈಲು. ಆ ಫೋಲ್ಡರ್ ಹುಟ್ಟಿದ ತಾರೀಖು ನೋಡಿದೆ, ನುಡಿ ಹಾಕಿದ ದಿನವೇ. ಕೆಂಪು ಪೆಟ್ಟಿಗೆಯ ಸಾಫ್ಟ್‌ವೇರನ್ನು ತೆಗೆದಾಗಲೆಲ್ಲಾ ಇದು ಹಿಂದೆ ಕೂತಿದ್ದು, ಅದು ಇಲ್ಲ ಅಂತ ಕಂಡರೆ ಇಂಟರ್ನೆಟ್‌ನಿಂದ ಮತ್ತೆ ಇಳಿಸಿ ಹಾಕುತ್ತಿತ್ತು. ಇದಕ್ಕೆ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಹೆಸರೇ ಇಲ್ಲ.

ತೆಗೆಯುವಾಗ ಕ್ರಮ ಮುಖ್ಯ. ಮೊದಲು ಇಂಟರ್ನೆಟ್ ಬಂದ್ ಮಾಡಿ. ಟಾಸ್ಕನ್ನು ಡಿಸೇಬಲ್ ಮಾಡಿ. ಆಮೇಲೆ ಕಾಣುವ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಆ ಗುಪ್ತ ಫೋಲ್ಡರ್ ಅಳಿಸಿ, ಕೊನೆಯಲ್ಲಿ ಟಾಸ್ಕನ್ನೇ ಡಿಲೀಟ್ ಮಾಡಿ. ತಿರುಗಾಮುರುಗಾ ಮಾಡಿದರೆ ಒಂದು ತೆಗೆಯುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತದೆ.

ಆ್ಯಪ್‌ಡೇಟಾ ಮಾಮೂಲಿಯಾಗಿ ಕಾಣುವುದಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಆ್ಯಪ್‌ಡೇಟಾ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅದರ ಹಿಂದೆ ಒಂದು ಮುಂದೆ ಒಂದು ಪರ್ಸೆಂಟ್ ಗುರುತು ಹಾಕಿ ಎಂಟರ್ ಕೊಟ್ಟರೆ ರೋಮಿಂಗ್ ತೆರೆಯುತ್ತದೆ. ಒಂದು ಮೆಟ್ಟಿಲು ಮೇಲೆ ಹೋದರೆ ಲೋಕಲ್ ಇದೆ. ಸಿ ಡ್ರೈವ್‌ನಲ್ಲಿ ಪ್ರೋಗ್ರಾಂಡೇಟಾ ಇದೆ, ಅದೂ ಮರೆಯಲ್ಲಿರುತ್ತದೆ. ಈ ಮೂರು ಕಡೆ ತಾರೀಖಿನ ಪ್ರಕಾರ ಜೋಡಿಸಿ ನೋಡಿದರೆ ಒಂದೇ ದಿನ ಬಂದ ಕಳ್ಳರೆಲ್ಲಾ ಸಾಲಾಗಿ ಸಿಗುತ್ತಾರೆ.

ಇಷ್ಟೆಲ್ಲಾ ಜಾಗ ಒಂದೊಂದಾಗಿ ಹುಡುಕುವ ಬದಲು ಎಲ್ಲವನ್ನೂ ಒಂದೇ ಕಡೆ ತೋರಿಸುವ ಆಟೋರನ್ಸ್ ಅಂತ ಒಂದಿದೆ. ಮಾರ್ಕ್ ರಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಒಂದು, 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, ಈಗಲೂ ಅವರ ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಇನ್‌ಸ್ಟಾಲ್ ಮಾಡುವುದೂ ಬೇಡ, ಬಿಚ್ಚಿ ಓಡಿಸಿದರೆ ಸಾಕು. ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ, ಆಗ ಪಟ್ಟಿ ಚಿಕ್ಕದಾಗುತ್ತದೆ. ಹಳದಿ ಬಣ್ಣದ ಸಾಲು ಅಂದರೆ ಫೈಲು ಹೋಗಿದೆ, ಹೆಸರು ಮಾತ್ರ ಉಳಿದಿದೆ ಅಂತ. ಅನುಮಾನದ ಸಾಲನ್ನು ಡಿಲೀಟ್ ಮಾಡಬೇಡಿ, ಟಿಕ್ ಮಾತ್ರ ತೆಗೆಯಿರಿ. ಎರಡು ದಿನ ಕಂಪ್ಯೂಟರ್ ಸರಿಯಾಗಿ ನಡೆದರೆ ಆಮೇಲೆ ಅಳಿಸಬಹುದು. ಮನೆಯಲ್ಲಿ ಕಂಪ್ಯೂಟರ್ ಇರುವ ಪ್ರತಿಯೊಬ್ಬರ ಹತ್ತಿರವೂ ಇದು ಇರಬೇಕು ಅಂತ ನನ್ನ ಅಭಿಪ್ರಾಯ.

ಬ್ರೌಸರ್ ಒಳಗೆ ಕೂತಿದ್ದರೆ

ಅಂಗಡಿಯ ಕ್ರೋಮ್‌ನಲ್ಲಿ ಬೇಡದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಒಂದಿತ್ತು, ತೆಗೆದೆ. ಇಂಟರ್ನೆಟ್ ಹಾಕಿದ ಐದು ನಿಮಿಷಕ್ಕೆ ಅದು ಮತ್ತೆ ಅಲ್ಲೇ ಇತ್ತು. ಟಾಸ್ಕ್ ಹೋಗಿದೆ, ಫೋಲ್ಡರ್ ಹೋಗಿದೆ, ಹಾಗಾದರೆ ಇದು ಎಲ್ಲಿಂದ ಬಂತು? ತುಂಬಾ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಚಿಕ್ಕಪ್ಪನ ಮನೆಯ ಲ್ಯಾಪ್‌ಟಾಪ್‌ನಲ್ಲೂ ಅದೇ ಗೂಗಲ್ ಖಾತೆ. ಒಂದೇ ಖಾತೆಯ ಬ್ರೌಸರ್‌ಗಳನ್ನು ಎಲ್ಲಾ ಕಡೆ ಒಂದೇ ಥರ ಇಡುವ ಸಿಂಕ್ ಮೂಲಕ ಅದು ಎರಡೂ ಕಡೆ ಹಬ್ಬಿತ್ತು. ಎರಡೂ ಕಡೆ ಸಿಂಕ್ ನಿಲ್ಲಿಸಿ, ಎರಡೂ ಕಡೆ ಎಕ್ಸ್‌ಟೆನ್ಷನ್ ತೆಗೆದು, ಆಮೇಲೆ ಸಿಂಕ್ ಹಾಕಿದ ಮೇಲೆಯೇ ನಿಂತದ್ದು.

ಕೆಲವು ಎಕ್ಸ್‌ಟೆನ್ಷನ್‌ಗೆ ತೆಗೆಯುವ ಬಟನ್ನೇ ಇರುವುದಿಲ್ಲ, ಮೆನುವಿನ ಕೆಳಗೆ "ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ" ಅಂತ ಬರೆದಿರುತ್ತದೆ. ಆಫೀಸಿನ ಕಂಪ್ಯೂಟರ್ ಆದರೆ ಅದು ಸರಿ. ಮನೆಯದಾದರೆ ಯಾವುದೋ ಸಾಫ್ಟ್‌ವೇರ್ ರಿಜಿಸ್ಟ್ರಿಯಲ್ಲಿ ಕ್ರೋಮ್‌ಗೆ ಒಂದು ಪಾಲಿಸಿ, ಅಂದರೆ ಅದು ಮೀರಲಾಗದ ಕಟ್ಟಳೆ, ಬರೆದಿಟ್ಟಿದೆ ಅಂತ. ಕೆಲವು ಆ್ಯಂಟಿವೈರಸ್‌ಗಳೂ ಹೀಗೆ ಮಾಡುವುದುಂಟು, ಅದನ್ನು ಮೊದಲು ವಿಚಾರಿಸಿ. ಅಲ್ಲ ಅಂತಾದರೆ ಮಾಲ್‌ವೇರ್‌ಬೈಟ್ಸ್‌ನ ಆಡ್‌ಡಬ್ಲ್ಯೂಕ್ಲೀನರ್ ಓಡಿಸಿ. ಇಂಥ ಪಾಲಿಸಿ, ಟೂಲ್‌ಬಾರ್, ಬದಲಾದ ಸರ್ಚ್ ಪುಟ ಎಲ್ಲವನ್ನೂ ಹುಡುಕಲೆಂದೇ ಇರುವುದು ಅದು.

ಮೂಲೆಯಲ್ಲಿ ಬರುವ "ವೈರಸ್ ಇದೆ" ಎಚ್ಚರಿಕೆ ಎಷ್ಟೋ ಸಲ ಸಾಫ್ಟ್‌ವೇರೇ ಅಲ್ಲ. ಯಾವುದೋ ಪುಟ ನೋಟಿಫಿಕೇಷನ್ ಕಳಿಸಲಾ ಅಂತ ಕೇಳಿದಾಗ ಅಲೋ ಒತ್ತಿರುತ್ತೀರಿ, ಅಷ್ಟೇ. ಆ ಎಚ್ಚರಿಕೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬ್ರೌಸರ್ ಹೆಸರು ಕಂಡರೆ ಅನ್‌ಇನ್‌ಸ್ಟಾಲ್ ಮಾಡಲು ಏನೂ ಇಲ್ಲ. ಬ್ರೌಸರ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ ಪಟ್ಟಿಯಿಂದ ಆ ಪುಟವನ್ನು ತೆಗೆದರೆ ಮುಗಿಯಿತು. ಡೆಸ್ಕ್‌ಟಾಪ್‌ನ ಬ್ರೌಸರ್ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲನ್ನೂ ಓದಿ. ಕೊನೆಯಲ್ಲಿ ಯಾವುದಾದರೂ ಸೈಟ್ ವಿಳಾಸ ಅಂಟಿಕೊಂಡಿದ್ದರೆ ಅಳಿಸಿ.

ಎಲ್ಲಾ ತೆಗೆದೆ, ಈಗ ಇಂಟರ್ನೆಟ್ಟೇ ಇಲ್ಲ

ವೈಫೈ ಇದೆ ಅಂತ ತೋರಿಸುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಜಾಹೀರಾತು ತುರುಕುವ ಕೆಲವು ಸಾಫ್ಟ್‌ವೇರ್ ಪ್ರಾಕ್ಸಿ ಹಾಕಿಕೊಂಡು ನಿಮ್ಮ ಬ್ರೌಸಿಂಗ್ ಎಲ್ಲವನ್ನೂ ತನ್ನ ಮೂಲಕ ಹಾಯಿಸಿಕೊಳ್ಳುತ್ತದೆ. ಅದನ್ನು ತೆಗೆದಾಗ ಪ್ರಾಕ್ಸಿ ಸೆಟ್ಟಿಂಗ್ ಹಾಗೇ ಉಳಿಯುತ್ತದೆ, ಆ ಕಡೆ ಕೇಳುವವರು ಯಾರೂ ಇಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿಗೆ ಹೋಗಿ. ಮ್ಯಾನ್ಯುಯಲ್ ಪ್ರಾಕ್ಸಿಯಲ್ಲಿ 127.0.0.1 (ನಿಮ್ಮದೇ ಕಂಪ್ಯೂಟರ್‌ನ ವಿಳಾಸ) ಅಂತ ಇದ್ದರೆ ಆಫ್ ಮಾಡಿ.

ಆ್ಯಂಟಿವೈರಸ್ ತೆಗೆಯುವಾಗ

ಲ್ಯಾಪ್‌ಟಾಪ್ ಜೊತೆ ಬಂದ ಆ್ಯಂಟಿವೈರಸ್‌ನ ಅವಧಿ ಮುಗಿದಿದೆ, ತೆಗೆದಿದ್ದೀರಿ, ಆದರೂ ವಿಂಡೋಸ್‌ನ ಡಿಫೆಂಡರ್ ಆನ್ ಆಗುತ್ತಿಲ್ಲ. ಹಳೆಯದರ ಚೂರು ಉಳಿದಿದೆ ಅಂತ ಅರ್ಥ. ಬೇರೆ ಆ್ಯಂಟಿವೈರಸ್ ಇದ್ದರೆ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುತ್ತದೆ. ಆ್ಯಂಟಿವೈರಸ್‌ಗಳು ವಿಂಡೋಸ್‌ನ ಒಳಗಿನ ಪದರದಲ್ಲಿ ಡ್ರೈವರ್ ಹಾಕಿಕೊಂಡಿರುವುದರಿಂದ ಮಾಮೂಲಿ ಅನ್‌ಇನ್‌ಸ್ಟಾಲ್‌ಗೆ ಪೂರ್ತಿ ಹೋಗದೇ ಇರಬಹುದು. ನಾರ್ಟನ್, ಮ್ಯಾಕಫಿ, ಕ್ಯಾಸ್ಪರ್‌ಸ್ಕಿ, ಅವಾಸ್ಟ್ ಇವರೆಲ್ಲಾ ತಮ್ಮದನ್ನು ಬೇರು ಸಮೇತ ಕೀಳಲು ತಾವೇ ಒಂದು ಟೂಲ್ ಕೊಡುತ್ತಾರೆ. ಆಯಾ ಕಂಪನಿಯ ಸೈಟ್‌ನಿಂದಲೇ ತೆಗೆದುಕೊಳ್ಳಿ.

ಉಳಿದ ಚೂರುಪಾರು

ತೆಗೆದ ಮೇಲೆ ಉಳಿಯುವ ಖಾಲಿ ಫೋಲ್ಡರ್, ರಿಜಿಸ್ಟ್ರಿಯ ನಾಲ್ಕು ಸಾಲುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅವು ಕಂಪ್ಯೂಟರನ್ನು ನಿಧಾನ ಮಾಡುವುದಿಲ್ಲ. ಎಲ್ಲವನ್ನೂ ಅಳಿಸಲೇಬೇಕು ಅನ್ನಿಸಿದರೆ ರೆವೋ ಅನ್‌ಇನ್‌ಸ್ಟಾಲರ್ ಹುಡುಕಿಕೊಡುತ್ತದೆ, ಆದರೆ ಅದು ತೋರಿಸುವ ಪಟ್ಟಿಯನ್ನು ಓದದೆ ಸೆಲೆಕ್ಟ್ ಆಲ್ ಕೊಡಬೇಡಿ. ಎಡವಟ್ಟಾದರೆ ಹಳೆಯ ಸ್ಥಿತಿಗೆ ಮರಳಲು ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಏಟಿಗೆ ಸ್ವಚ್ಛ ಮಾಡುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್‌ಗಳ ಸಹವಾಸವೇ ಬೇಡ. 1,284 ದೋಷ ತೋರಿಸಿದ ಕೆಂಪು ಪೆಟ್ಟಿಗೆಯೂ ಅದೇ ಜಾತಿಯದು.

ಉಳಿದರೆ ನಿಜವಾಗಿ ಅಪಾಯ ಮಾಡುವಂಥ ಚೂರು ಒಂದಿದೆ, ಸರ್ಟಿಫಿಕೇಟ್, ಅಂದರೆ ಯಾವ ಸೈಟ್ ಅಸಲಿ ಅಂತ ತಿಳಿಯಲು ಕಂಪ್ಯೂಟರ್ ನಂಬುವ ಗುರುತಿನ ಚೀಟಿ. 2014ರ ಕೊನೆಯ ತಿಂಗಳುಗಳಲ್ಲಿ ಮಾರಾಟವಾದ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನುವ ಜಾಹೀರಾತು ಸಾಫ್ಟ್‌ವೇರ್ ಮೊದಲೇ ಇತ್ತು. ಅದು ತನ್ನದೇ ಒಂದು ರೂಟ್ ಸರ್ಟಿಫಿಕೇಟ್ ಹಾಕಿಕೊಂಡು ಬ್ಯಾಂಕಿನಂಥ ಬೀಗದ ಗುರುತಿನ ಪುಟಗಳ ಮಧ್ಯೆಯೂ ನುಸುಳಬಹುದಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾದಾಗ ಗೊತ್ತಾಗಿದ್ದು, ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು ಅಂತ. ಅದನ್ನು ತೆಗೆಯಲು ಲೆನೊವೊ ಬೇರೆ ಟೂಲ್ ಬಿಡಬೇಕಾಯಿತು. ಸ್ಟಾರ್ಟ್‌ನಲ್ಲಿ ಮ್ಯಾನೇಜ್ ಕಂಪ್ಯೂಟರ್ ಸರ್ಟಿಫಿಕೇಟ್ಸ್ ಅಂತ ಹುಡುಕಿ, ಟ್ರಸ್ಟೆಡ್ ರೂಟ್ ಪಟ್ಟಿಯಲ್ಲಿ ನೀವು ತೆಗೆದ ಸಾಫ್ಟ್‌ವೇರ್‌ನ ಹೆಸರಿದೆಯಾ ನೋಡಿ. ಆ ಹೆಸರಿದ್ದರೆ ಮಾತ್ರ ಅಳಿಸಿ, ಉಳಿದವು ಬೇಕಾದವು.

ಇದೆಲ್ಲಾ ಆದ ಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಒಮ್ಮೆ ಓಡಿಸಿ, ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಅಲ್ಲೇ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ರೆಪ್ಯುಟೇಷನ್ ಸೆಟ್ಟಿಂಗ್ಸ್‌ನಲ್ಲಿ, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಇದೆ, ಆಫ್ ಇದ್ದರೆ ಆನ್ ಮಾಡಿ.

ರೀಸೆಟ್ ಮಾಡುವ ಮುಂಚೆ

ಇಷ್ಟಾದರೂ ಮತ್ತೆ ಬಂದರೆ ರೀಸೆಟ್ ದಿಸ್ ಪಿಸಿ ಮಾಡಿ, ಫೈಲ್ ಉಳಿಸಿಕೊಳ್ಳುವ ಆಯ್ಕೆ ಕೊಡಿ. ಸಾಫ್ಟ್‌ವೇರ್ ಎಲ್ಲಾ ಹೋಗುತ್ತದೆ, ನಿಮ್ಮ ಫೈಲ್ ಉಳಿಯುತ್ತದೆ. ಆದರೂ ಫೈಲ್‌ಗಳ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕನ್ನಡದ ಕೆಲಸ ಮಾಡುವವರು ಇನ್ನೊಂದನ್ನು ನೆನಪಿಡಿ. ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರ್ಡ್ ಫೈಲ್‌ಗಳು ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಾಣುತ್ತವೆ. ರೀಸೆಟ್‌ನಲ್ಲಿ ಆ ಫಾಂಟ್‌ಗಳೂ ಹೋಗುತ್ತವೆ. ಫೈಲ್ ಹಾಳಾಯಿತು ಅಂತ ಅಳಿಸಿಬಿಡಬೇಡಿ, ನುಡಿಯನ್ನು ಸರಿಯಾದ ಕಡೆಯಿಂದ ಮತ್ತೆ ಹಾಕಿದರೆ ಓದಲು ಬರುತ್ತದೆ.

ಅಂಗಡಿಯ ಕಂಪ್ಯೂಟರ್‌ಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಆ ಎಕ್ಸ್‌ಟೆನ್ಷನ್‌ಗೆ "ಎಲ್ಲಾ ಸೈಟ್‌ಗಳ ಮಾಹಿತಿಯನ್ನು ಓದುವ, ಬದಲಿಸುವ" ಅನುಮತಿ ಇದ್ದದ್ದರಿಂದ ಚಿಕ್ಕಪ್ಪನ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅವರ ಫೋನ್‌ನಿಂದ ಬದಲಿಸಿ, ಬೇರೆ ಎಲ್ಲಾ ಕಡೆ ಲಾಗೌಟ್ ಮಾಡಿಸಿದೆ. ನಿಮ್ಮಲ್ಲೂ ಇಂಥದ್ದು ಸಿಕ್ಕರೆ ಇದನ್ನು ಬಿಡಬೇಡಿ, ಅದೇ ಕಂಪ್ಯೂಟರ್‌ನಿಂದ ಮಾಡಲೂ ಬೇಡಿ. ಆಮೇಲೆ ಎರಡು ಸಲ ರೀಸ್ಟಾರ್ಟ್ ಮಾಡಿ, ಟಾಸ್ಕ್ ಶೆಡ್ಯೂಲರ್ ಇನ್ನೊಮ್ಮೆ ನೋಡಿ, ಅದು ಬರುತ್ತಿದ್ದ ಹೊತ್ತು ದಾಟುವವರೆಗೆ ಕಾಯಿರಿ. ಸೋಮವಾರ 11:25ಕ್ಕೆ ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿದೆ. ಯಾರದೋ ಪಹಣಿ ಪ್ರಿಂಟ್ ಆಗುತ್ತಿರುವ ಸದ್ದು ಕೇಳಿಸುತ್ತಿತ್ತು. "ಇನ್ನೂ ಬಂದಿಲ್ಲ ಕಣೋ" ಅಂದರು.